ಕೊಂಬಿಗೆ ಗೊಂಡೆ, ನಾಯಿಗೆ ಕೋಟು

ಜನವರಿ 14. ನಮ್ಮಲ್ಲಿ ಹೆಚ್ಚಿನ ವರ್ಷಗಳಲ್ಲಿ ಅಂದೇ ಸಂಕ್ರಾಂತಿ. ಕೆಲವು ಸಲ, 2024ರಲ್ಲಿ ಆದ ಹಾಗೆ, ಒಂದು ದಿನ ಮುಂದಕ್ಕೆ ಹೋಗುತ್ತದೆ. ಹಳೆ ಮೈಸೂರಿನ ಊರುಗಳಲ್ಲಿ ಅಂದು ಬೆಳಿಗ್ಗೆ ದನಗಳನ್ನು ಕೆರೆಗೆ ಇಳಿಸುತ್ತಾರೆ, ಮಧ್ಯಾಹ್ನ ಕೊಂಬಿಗೆ ಬಣ್ಣ ಬಳಿಯುತ್ತಾರೆ, ಹೊತ್ತು ಮುಳುಗುವಾಗ ಕಿಚ್ಚು ಹಾಯಿಸುತ್ತಾರೆ. ಅದೇ ಜನವರಿ 14 ಅಮೆರಿಕದಲ್ಲಿ ‘ನ್ಯಾಷನಲ್ ಡ್ರೆಸ್ ಅಪ್ ಯುವರ್ ಪೆಟ್ ಡೇ’. ಸಾಕುಪ್ರಾಣಿಗೆ ಬಟ್ಟೆ ತೊಡಿಸಿ ಸಂಭ್ರಮಿಸುವ ದಿನ. ಇದನ್ನು 2009ರಲ್ಲಿ ಹುಟ್ಟುಹಾಕಿದವರು ಕೊಲೀನ್ ಪೇಜ್ ಎಂಬ ಮಹಿಳೆ. ಆಗಸ್ಟ್ 26ರ ನಾಯಿಗಳ ದಿನ, ಅಕ್ಟೋಬರ್ 29ರ ಬೆಕ್ಕುಗಳ ದಿನ ಕೂಡ ಅವರೇ ಶುರು ಮಾಡಿದವು. ಈಗ ಆ ದಿನಗಳು ಅಂತರ್ಜಾಲದ ಮೂಲಕ ಬೆಂಗಳೂರಿನ ಅಂಗಡಿಗಳಿಗೂ ಬಂದಿವೆ. ನಾಯಿಗೆ ಸ್ವೆಟರು, ಬೆಕ್ಕಿಗೆ ಬೋ ಟೈ, ಎರಡಕ್ಕೂ ರಿಯಾಯಿತಿ.

ಎರಡು ಆಚರಣೆಗಳೂ ಒಂದೇ ತಾರೀಖಿಗೆ ಬಂದದ್ದು ಆಕಸ್ಮಿಕ. ಆದರೆ ಪ್ರಾಣಿಯನ್ನು ಸಿಂಗರಿಸುವುದಕ್ಕೂ ಅದನ್ನು ನೆಚ್ಚಿ ನಡೆಯುವ ವ್ಯಾಪಾರಕ್ಕೂ ನಮ್ಮ ನೆಲದಲ್ಲಿ ದೊಡ್ಡ ಚರಿತ್ರೆಯೇ ಇದೆ. ಅದನ್ನು ತಿಳಿಯಲು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಗಿಂತ ಒಳ್ಳೆಯ ಜಾಗ ಸಿಗುವುದು ಕಷ್ಟ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಈ ಭಾಗದಲ್ಲಿ ದನ, ಕುರಿ, ಮೇಕೆಗಳೇ ಬದುಕಿನ ಆಧಾರ. ಇಲ್ಲಿನ ಜನ ಪ್ರಾಣಿಗೆ ಅಲಂಕಾರ ಮಾಡುವಾಗ ಒಂದು ಕ್ರಮ ಇಟ್ಟುಕೊಂಡಿದ್ದಾರೆ. ನಾಯಿ, ಬೆಕ್ಕಿಗೆ ಉಡುಪು ಮಾರುವವರೂ ಕೊಳ್ಳುವವರೂ ಆ ಕ್ರಮವನ್ನು ಕಲಿಯಬೇಕು ಎಂಬುದು ನನ್ನ ಮಾತು.

ಕಾವಲಿನ ನೆಲ

ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ ಕಾವಲ್ ಅಮೃತಮಹಲ್ ದನಗಳ ಹುಲ್ಲುಗಾವಲಾಗಿತ್ತು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿಕೊಂಡಿದ್ದ ಅರಮನೆಯ ದನಗಳ ಇಲಾಖೆಗೆ ಟಿಪ್ಪು ಸುಲ್ತಾನ್ ‘ಅಮೃತಮಹಲ್’ ಎಂದು ಹೆಸರಿಟ್ಟ. ಹಿಂದಕ್ಕೆ ಬಾಗಿ ಮೇಲಕ್ಕೆ ಎದ್ದ ಉದ್ದನೆಯ ಚೂಪು ಕೊಂಬು, ಬಿಗಿ ಮೈ, ದಣಿವರಿಯದ ಕಾಲು. ಸೈನ್ಯದ ಫಿರಂಗಿ ಮತ್ತು ಸಾಮಾನು ಸರಂಜಾಮು ಎಳೆಯಲು ಈ ಎತ್ತುಗಳೇ ಬೇಕಾಗಿದ್ದವು. ಅವು ಋತುವಿಗೆ ತಕ್ಕಂತೆ ಕಾವಲಿನಿಂದ ಕಾವಲಿಗೆ ಮೇಯುತ್ತ ಹೋಗಲೆಂದು ಹಳೆ ಮೈಸೂರು ಸಂಸ್ಥಾನದ ಉದ್ದಗಲಕ್ಕೂ ಲಕ್ಷಗಟ್ಟಲೆ ಎಕರೆ ಹುಲ್ಲುಗಾವಲು ಕಾಯ್ದಿಟ್ಟಿದ್ದರು. ಸುತ್ತಲಿನ ಹಳ್ಳಿಗಳ ದನ, ಕುರಿಗಳಿಗೂ ಈ ನೆಲವೇ ಗತಿಯಾಯಿತು.

ಈ ಸೀಮೆಯ ಮ್ಯಾಸ ನಾಯಕ ಸಮುದಾಯದ ಹಟ್ಟಿಗಳಲ್ಲಿ ಇನ್ನೊಂದು ಬಗೆಯ ದನಗಳಿವೆ. ಅವು ದೇವರ ಎತ್ತುಗಳು. ಕುಲದ ಒಂದೊಂದು ಕಟ್ಟೆಮನೆಗೂ ಸೇರಿದ ಈ ಮಂದೆಯನ್ನು ಮುಳ್ಳಿನ ರೊಪ್ಪದಲ್ಲಿ ಕೂಡುತ್ತಾರೆ. ಕಾಯುವವನು ಕಿಲಾರಿ. ಈ ಎತ್ತುಗಳನ್ನು ನೇಗಿಲಿಗೆ ಕಟ್ಟುವಂತಿಲ್ಲ, ಮಾರುವಂತಿಲ್ಲ. ಸತ್ತರೆ ಮನುಷ್ಯರಿಗೆ ಸಲ್ಲುವ ಮರ್ಯಾದೆಯಿಂದ ಮಣ್ಣು ಮಾಡುತ್ತಾರೆ. ಬರ ಬಿದ್ದ ವರ್ಷ ದೂರದೂರದ ಊರುಗಳವರು ಟ್ರಾಕ್ಟರಿನಲ್ಲಿ ಮೇವು ತಂದು ರೊಪ್ಪದ ಮುಂದೆ ಇಳಿಸುವುದುಂಟು. ಏನೂ ಪ್ರತಿಫಲ ಬಯಸದೆ ಪ್ರಾಣಿಗಳನ್ನು ಸಾಕುವ ಪದ್ಧತಿ ಬೆಂಗಳೂರಿನ ಫ್ಲ್ಯಾಟಿನಲ್ಲಿ ಹುಟ್ಟಿದ್ದು ಎಂದುಕೊಂಡವರು ಒಮ್ಮೆ ಈ ರೊಪ್ಪಗಳನ್ನು ನೋಡಬೇಕು.

ಹಬ್ಬದ ಪೇಟೆ

ಬಯಲುಸೀಮೆಯಲ್ಲಿ ದನಗಳ ದೊಡ್ಡ ಹಬ್ಬ ಕಾರ ಹುಣ್ಣಿಮೆ, ಅಂದರೆ ಜ್ಯೇಷ್ಠ ಮಾಸದ ಹುಣ್ಣಿಮೆ. ಮುಂಗಾರಿನ ಬಿತ್ತನೆಯ ಹೊತ್ತು. ಆಮೇಲೆ ದೀಪಾವಳಿ, ಅದರ ಮೇಲೆ ಸಂಕ್ರಾಂತಿ. ಈ ಹಬ್ಬಗಳಿಗೆ ಒಂದು ವಾರ ಮುಂಚೆ ಸಂತೆಯಲ್ಲಿ ಒಂದು ಸಾಲೇ ಬಣ್ಣ ತಿರುಗುತ್ತದೆ. ನೆಲದ ಮೇಲೆ ತಾಡಪಾಲು ಹಾಸಿ ಹಗ್ಗ, ಮೂಗುದಾರ, ಹಣೆಪಟ್ಟಿ, ಗೊಂಡೆ, ಗೆಜ್ಜೆಸರ, ಹಿತ್ತಾಳೆ ಗಂಟೆ, ಕೊಂಬಿನ ತುದಿಗೆ ಸಿಕ್ಕಿಸುವ ಕೊಡಣಸು, ಬಾಸಿಂಗ, ಬಣ್ಣದ ಡಬ್ಬಿ, ಎಲ್ಲಕ್ಕಿಂತ ಮೇಲೆ ಮಡಿಸಿಟ್ಟ ಝೂಲಗಳು. ಕೊಳ್ಳುವವರು ಗಂಟೆಯನ್ನು ಕಿವಿಯ ಹತ್ತಿರ ಹಿಡಿದು ನಾದ ನೋಡುತ್ತಾರೆ. ಗೆಜ್ಜೆಯ ಪಟ್ಟಿಯನ್ನು ಎರಡು ಕೈಯಿಂದ ಜಗ್ಗಿ ಹೊಲಿಗೆ ನೋಡುತ್ತಾರೆ. ಎತ್ತಿನ ಕೊರಳ ಸುತ್ತಳತೆಯನ್ನು ದಾರದ ತುಂಡಿನಲ್ಲಿ ಗಂಟು ಹಾಕಿ ತಂದವರೂ ಇರುತ್ತಾರೆ. ಇಂದು ಆನ್‌ಲೈನ್ ಅಂಗಡಿಯ ಪಟ್ಟಿ ನಾಯಿಯ ಎದೆ ಸುತ್ತಳತೆ ಕೇಳುವುದೂ ಇದೇ ಕಾರಣಕ್ಕೆ.

ಒಂದು ಜೋಡಿ ಎತ್ತನ್ನು ಹಬ್ಬಕ್ಕೆ ಅಣಿಗೊಳಿಸುವುದನ್ನು ಹತ್ತಿರದಿಂದ ನೋಡಬೇಕು. ಮೊದಲು ನೊಗ ಕೆಳಗಿಳಿಯುತ್ತದೆ, ಅಂದು ಅವುಗಳಿಗೆ ದುಡಿಮೆ ಇಲ್ಲ. ನೀರಿದ್ದ ಕಡೆ ಹೊಡೆದುಕೊಂಡು ಹೋಗಿ ಒಣಹುಲ್ಲಿನ ಸಿಂಬೆಯಿಂದ ಮೈ ಉಜ್ಜುತ್ತಾರೆ. ಉಜ್ಜುತ್ತಲೇ ನೊಗ ತಿಕ್ಕಿದ ಜಾಗದಲ್ಲಿ ಹುಣ್ಣಾಗಿದೆಯೇ, ಕಿವಿಯಲ್ಲಿ, ಬಾಲದ ಬುಡದಲ್ಲಿ ಉಣ್ಣೆ ಹತ್ತಿದೆಯೇ, ಗೊರಸಿನ ಸಂದಿಯಲ್ಲಿ ಮುಳ್ಳು ಮುರಿದಿದೆಯೇ ಎಂದು ನೋಡುತ್ತಾರೆ. ವರ್ಷದಲ್ಲಿ ಆ ಎತ್ತಿಗೆ ನಡೆಯುವ ಅತಿ ಕೂಲಂಕಷ ತಪಾಸಣೆ ಇದೇ ಎಂದರೂ ತಪ್ಪಿಲ್ಲ. ಮನೆಗೆ ಬಂದ ಮೇಲೆ ಹೊಟ್ಟೆ ತುಂಬ ಮೇವು, ಹುರುಳಿ ಅಥವಾ ಹಿಂಡಿ, ಹಬ್ಬದ ಎಡೆ. ಸಿಂಗಾರ ಇಷ್ಟೆಲ್ಲ ಮುಗಿದ ಮೇಲೆ. ಹೆರೆದು ನುಣುಪು ಮಾಡಿದ ಕೊಂಬಿಗೆ ಬಣ್ಣ, ತುದಿಗೆ ಕೊಡಣಸು, ಅದಕ್ಕೆ ಗೊಂಡೆ. ಹಣೆಗೆ ಪಟ್ಟಿ. ಕೊರಳಿಗೆ ಗೆಜ್ಜೆಸರ. ಕೊನೆಗೆ ಬೆನ್ನಿಗೆ ಝೂಲ.

ಝೂಲದ ಹೊಲಿಗೆಯಲ್ಲೂ ವಿವೇಕ ಇದೆ. ಕೆಂಪು, ಹಸಿರು ಬಟ್ಟೆಯ ದೊಡ್ಡ ಚೌಕ, ಅದರ ಮೇಲೆ ಜರಿ ಪಟ್ಟಿ, ಕನ್ನಡಿ ಬಿಲ್ಲೆ, ಅಂಚಿಗೆ ಜೋಲು ಗೊಂಡೆ. ಹಿಣಿಲಿನ ಹಿಂದಿನಿಂದ ಸೊಂಟದವರೆಗೆ ಮಾತ್ರ ಹೊದೆಯುತ್ತದೆ. ಹಿಣಿಲು ಅಲುಗಬೇಕು, ಬಾಲ ಬೀಸಬೇಕು, ಹೊಟ್ಟೆಯ ಕೆಳಗೆ ಗಾಳಿ ಆಡಬೇಕು. ಕಟ್ಟುವ ಲಾಡಿ ಸಡಿಲ. ಎತ್ತು ಬೆದರಿ ಜಿಗಿದರೆ ಝೂಲ ಜಾರಿ ಬೀಳಬೇಕೇ ಹೊರತು ಕಾಲಿಗೆ ಸುತ್ತಿಕೊಳ್ಳಬಾರದು. ಹೊಸ ಗಂಟೆಯನ್ನು ಏಕಾಏಕಿ ಕೊರಳಿಗೆ ಕಟ್ಟುವುದಿಲ್ಲ. ಮೊದಲು ಮೂಗಿನ ಮುಂದೆ ಹಿಡಿದು ಮೂಸಲು ಬಿಡುತ್ತಾರೆ, ಮೆಲ್ಲಗೆ ಅಲುಗಿಸುತ್ತಾರೆ, ಎತ್ತು ಕಿವಿ ನಿಮಿರಿಸಿ ಕೇಳಿ ಮತ್ತೆ ಮೇವಿಗೆ ಬಾಯಿ ಹಾಕಿದ ಮೇಲೆ ಕಟ್ಟುತ್ತಾರೆ. ಸಾಕುಪ್ರಾಣಿಗಳ ನಡವಳಿಕೆ ಬಲ್ಲವರು ನಾಯಿಗೆ ಹೊಸ ಉಡುಪು ಅಭ್ಯಾಸ ಮಾಡಿಸಲು ಇಂದು ಹೇಳಿಕೊಡುವ ವಿಧಾನವೂ ಇಷ್ಟೇ: ಮೂಸಲು ಬಿಡಿ, ಮೈಗೆ ತಾಕಿಸಿ, ತಿನಿಸು ಕೊಡಿ, ಆಮೇಲೆ ತೊಡಿಸಿ.

ಈ ಪೇಟೆಯೂ ಬದಲಾಗಿದೆ. ಪುಂಡಿ ನಾರು, ಕತ್ತಾಳೆ ನಾರಿನ ಹಗ್ಗ ಹೊಸೆಯುವವರು ಕಡಿಮೆಯಾಗಿ ನೈಲಾನ್ ಬಂದಿದೆ. ನೈಲಾನ್ ಮೂಗುದಾರ ತೊಯ್ದರೂ ಕೊಳೆಯುವುದಿಲ್ಲ ನಿಜ, ಆದರೆ ಮೂಗಿನ ಹೊಳ್ಳೆಯನ್ನು ಕೊಯ್ಯುತ್ತದೆ. ಹಿಂದೆ ಕೊಂಬಿಗೆ ಕೆಮ್ಮಣ್ಣು, ಎಣ್ಣೆ ಸಾಕಾಗುತ್ತಿತ್ತು. ಈಗ ಬಾಗಿಲಿಗೆ ಬಳಿಯುವ ಆಯಿಲ್ ಪೇಂಟೇ ಕೊಂಬಿಗೂ. ಅದರ ಘಾಟು ಮೂಗಿಗೆ, ಕಣ್ಣಿಗೆ ಒಳ್ಳೆಯದಲ್ಲ. ಹಿತ್ತಾಳೆಯ ಜಾಗಕ್ಕೆ ತಗಡು, ಉಲ್ಲನ್ ಗೊಂಡೆಯ ಜಾಗಕ್ಕೆ ಪ್ಲಾಸ್ಟಿಕ್ಕು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಎತ್ತಿನದೇ. ಉಳುಮೆಗೆ ಟ್ರಾಕ್ಟರು ಬಂದ ಮನೆಯಲ್ಲಿ ಜೋಡಿ ಎತ್ತು ಉಳಿಯುವುದಿಲ್ಲ, ಎತ್ತಿಲ್ಲದ ಮನೆಗೆ ಝೂಲ ಬೇಕಿಲ್ಲ.

ಮೇಯುವ ನೆಲವೂ ಕಿರಿದಾಗಿದೆ. 2009-10ರ ಆಸುಪಾಸಿನಲ್ಲಿ ಚಳ್ಳಕೆರೆ ತಾಲ್ಲೂಕಿನ ಉಳ್ಳಾರ್ತಿ, ಖುದಾಪುರ, ವರವು ಮುಂತಾದ ಕಾವಲುಗಳ ಸುಮಾರು 10,000 ಎಕರೆಯನ್ನು ಡಿಆರ್‌ಡಿಒ, ಇಸ್ರೊ, ಭಾಭಾ ಅಣು ಸಂಶೋಧನಾ ಕೇಂದ್ರ, ಭಾರತೀಯ ವಿಜ್ಞಾನ ಸಂಸ್ಥೆ ಮೊದಲಾದವುಗಳಿಗೆ ಕೊಡಲಾಯಿತು. ದನಗಾಹಿಗಳು, ಕುರಿಗಾಹಿಗಳು ಎದ್ದು ನಿಂತರು. ವಿಷಯ ಹಸಿರು ನ್ಯಾಯಮಂಡಳಿಯ ಮೆಟ್ಟಿಲೇರಿತು. ಚಂದ್ರನ ಮೇಲೆ ಇಳಿಯುವ ನೌಕೆಯ ಸೆನ್ಸರ್‌ಗಳ ಪರೀಕ್ಷೆಗೆ ಇಸ್ರೊ ಆರಿಸಿಕೊಂಡದ್ದು ಇದೇ ಉಳ್ಳಾರ್ತಿ ಕಾವಲನ್ನು. ಚಂದ್ರನ ಕುಳಿಗಳನ್ನು ಹೋಲುವ ಗುಂಡಿಗಳು ಇಲ್ಲಿ ಸಿದ್ಧವಾದವು. 2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದಾಗ ದೇಶದ ಜೊತೆ ಈ ಸೀಮೆಯವರೂ ಹೆಮ್ಮೆಪಟ್ಟರು. ಆ ಹೆಮ್ಮೆ ಎಷ್ಟು ನಿಜವೋ ಆ ಸಂಸ್ಥೆಗಳ ಗೋಡೆಯ ಆಚೆ ಉಳಿದ ಹುಲ್ಲಿನ ನಷ್ಟವೂ ಅಷ್ಟೇ ನಿಜ. ಗೆಜ್ಜೆ, ಗೊಂಡೆಯ ವ್ಯಾಪಾರ ಏಕೆ ಸೊರಗಿತು ಎಂದು ಕೇಳುವವರು ಮೊದಲು ಮಂದೆ ಎಲ್ಲಿ ಮೇಯುತ್ತಿದೆ ಎಂದು ನೋಡಬೇಕು.

ನಗರದ ಹೊಸ ಹಬ್ಬ

ಇತ್ತ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ ಬೇರೆ ಮಂದೆ ಬೆಳೆದಿದೆ. ಮದುವೆ ಮುಂದೂಡಿದವರು, ಮಕ್ಕಳು ವಿದೇಶಕ್ಕೆ ಹೋದ ಹಿರಿಯರು, ಮನೆಯಲ್ಲೇ ಕೂತು ಕೆಲಸ ಮಾಡುವ ಐಟಿ ಉದ್ಯೋಗಿಗಳು ನಾಯಿ, ಬೆಕ್ಕನ್ನು ಮನೆಯ ಮಗುವಾಗಿ ಸಾಕುತ್ತಿದ್ದಾರೆ. ಕೋವಿಡ್ ಕಾಲದ ಒಂಟಿತನ ಇದಕ್ಕೆ ಇಂಬು ಕೊಟ್ಟಿತು. 2022ರ ಜೂನ್‌ನಲ್ಲಿ ತೆರೆಕಂಡ ‘777 ಚಾರ್ಲಿ’ ನೋಡಿ ಕಣ್ಣೊರೆಸಿಕೊಂಡು ಹೊರಬಂದವರು ಎಷ್ಟೋ ಮಂದಿ. ಕಿರಣ್‌ರಾಜ್ ನಿರ್ದೇಶನದ ಆ ಚಿತ್ರಕ್ಕೆ ಕನ್ನಡದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರ ಪ್ರಶಸ್ತಿಯೂ ಬಂತು. ಈ ಪ್ರೀತಿಯ ಬೆನ್ನಿಗೇ ಮಾರುಕಟ್ಟೆ ಬಂತು. ದೆಹಲಿಯಲ್ಲಿ 2008ರಲ್ಲಿ ಶುರುವಾದ ಹೆಡ್ಸ್ ಅಪ್ ಫಾರ್ ಟೇಲ್ಸ್, ಬೆಂಗಳೂರಿನಲ್ಲೇ 2021ರಲ್ಲಿ ಹುಟ್ಟಿದ ಸೂಪರ್‌ಟೇಲ್ಸ್‌ನಂಥ ಕಂಪನಿಗಳು ಆಹಾರ, ಔಷಧ, ಆಟಿಕೆ, ಉಡುಪು ಎಲ್ಲವನ್ನೂ ಮನೆ ಬಾಗಿಲಿಗೆ ತಲುಪಿಸುತ್ತಿವೆ. ದೀಪಾವಳಿಗೆ ಶೇರ್ವಾನಿ, ಚಳಿಗಾಲಕ್ಕೆ ಹೂಡಿ, ಮಳೆಗಾಲಕ್ಕೆ ರೇನ್‌ಕೋಟು, ಕ್ರಿಸ್‌ಮಸ್‌ಗೆ ಕೆಂಪು ಟೋಪಿ, ರಾಜ್ಯೋತ್ಸವಕ್ಕೆ ಕೆಂಪು-ಹಳದಿ ಶಾಲು.

ಆಹಾರ ತಿಂಗಳು ತಿಂಗಳೂ ಬೇಕು. ಅದಕ್ಕೆ ಹಬ್ಬದ ನೆಪ ಬೇಕಿಲ್ಲ. ಉಡುಪು ಹಾಗಲ್ಲ. ಒಮ್ಮೆ ಕೊಂಡ ಸ್ವೆಟರು ಎರಡು ಮೂರು ಚಳಿಗಾಲ ಬಾಳುತ್ತದೆ. ಮತ್ತೆ ಮತ್ತೆ ಕೊಳ್ಳುವಂತೆ ಮಾಡಬೇಕಾದರೆ ಕ್ಯಾಲೆಂಡರಿನಲ್ಲಿ ದಿನಗಳು ಬೇಕು. ಹುಟ್ಟುಹಬ್ಬ, ದತ್ತು ತಂದ ದಿನ, ನಾಯಿಗಳ ದಿನ, ಬೆಕ್ಕುಗಳ ದಿನ, ಬಟ್ಟೆ ತೊಡಿಸುವ ದಿನ. ದಿನಕ್ಕೊಂದು ಹ್ಯಾಷ್‌ಟ್ಯಾಗು, ಫೋಟೊ ಸ್ಪರ್ಧೆ, ಗೆದ್ದವರಿಗೆ ಕೂಪನ್ನು. ಸ್ಪರ್ಧೆಗೆ ಬಂದ ಫೋಟೊಗಳೇ ಮುಂದಿನ ವರ್ಷದ ಜಾಹೀರಾತು. ಅವನ್ನು ತೆಗೆದವರು ಗಿರಾಕಿಗಳೇ ಆದ್ದರಿಂದ ಖರ್ಚೂ ಇಲ್ಲ. ಕ್ರಿಸ್‌ಮಸ್ ವ್ಯಾಪಾರ ಮುಗಿದು ಅಂಗಡಿ ತಣ್ಣಗಾಗುವ ಜನವರಿ ನಡುವಿಗೆ ಇಂಥದೊಂದು ದಿನ ಸಿಕ್ಕರೆ ವ್ಯಾಪಾರಿ ಬಿಡುವುದುಂಟೇ?

ಅಮೆರಿಕದಲ್ಲಿ ಇದು ಎಲ್ಲಿಗೆ ಮುಟ್ಟಿದೆ ಎಂಬುದಕ್ಕೆ ಅಲ್ಲಿನ ಹ್ಯಾಲೊವೀನ್ ಹಬ್ಬವೇ ಸಾಕ್ಷಿ. ಚಿಲ್ಲರೆ ವ್ಯಾಪಾರಿಗಳ ಒಕ್ಕೂಟವಾದ ನ್ಯಾಷನಲ್ ರೀಟೇಲ್ ಫೆಡರೇಷನ್ 2023ರಲ್ಲಿ ಮಾಡಿದ ಅಂದಾಜಿನ ಪ್ರಕಾರ, ಆ ವರ್ಷ ಆ ಒಂದು ಹಬ್ಬಕ್ಕೆ ಸಾಕುಪ್ರಾಣಿಗಳ ವೇಷಕ್ಕೆಂದೇ ಜನ 70 ಕೋಟಿ ಡಾಲರ್ ಖರ್ಚು ಮಾಡಲಿದ್ದರು. ನಮ್ಮ ಆಗಿನ ಲೆಕ್ಕದಲ್ಲಿ 5,800 ಕೋಟಿ ರೂಪಾಯಿಯ ಹತ್ತಿರ. ಆ ವರ್ಷ ಅತಿ ಹೆಚ್ಚು ಜನ ಬಯಸಿದ ವೇಷ ಕುಂಬಳಕಾಯಿಯದು, ಅದರ ಹಿಂದೆ ಹಾಟ್‌ಡಾಗ್. ನ್ಯೂಯಾರ್ಕಿನ ಟಾಂಪ್ಕಿನ್ಸ್ ಸ್ಕ್ವೇರ್ ಉದ್ಯಾನದಿಂದ ಶುರುವಾದ ವೇಷ ತೊಟ್ಟ ನಾಯಿಗಳ ಮೆರವಣಿಗೆ ಮೂರು ದಶಕ ದಾಟಿದೆ.

ಇದನ್ನೆಲ್ಲ ಪಡುವಣದ ಹುಚ್ಚು ಎಂದು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಹಾವೇರಿ, ಶಿಕಾರಿಪುರ, ಸೊರಬದ ಕಡೆ ದೀಪಾವಳಿಯ ಬೆನ್ನಿಗೆ ನಡೆಯುವ ಹೋರಿ ಹಬ್ಬ ನೋಡಿದವರಿಗೆ ಗೊತ್ತು, ಪ್ರಾಣಿಯ ಸಿಂಗಾರ ಅಲ್ಲೂ ದೊಡ್ಡ ಪೇಟೆಯೇ. ಕೊಂಬಿನ ನಡುವೆ ಆಳೆತ್ತರದ ಪೀಪಿ, ಬಣ್ಣದ ಬಲೂನು, ಕೊರಳಿಗೆ ಒಣಕೊಬ್ಬರಿಯ ಹಾರ, ಮೈಮೇಲೆ ಹೆಸರು ಹೊಲಿಸಿದ ಝೂಲ. ಹೆಸರಾಂತ ಹೋರಿಗೆ ಸಿನಿಮಾ ನಟರಂತೆ ಅಭಿಮಾನಿ ಬಳಗ. ಹುಡುಗರ ಎದೆಯ ಮೇಲೆ ಹೋರಿಯ ಚಿತ್ರ ಅಚ್ಚಾದ ಟೀ ಶರ್ಟು. ಊರ ಬಾಗಿಲಲ್ಲಿ ಫ್ಲೆಕ್ಸು. ದರ್ಜಿಗೂ ಅಚ್ಚುಕೂಟದವರಿಗೂ ಕೊಬ್ಬರಿ ವ್ಯಾಪಾರಿಗೂ ಆ ವಾರ ಕೈತುಂಬ ಕೆಲಸ. ಅಲ್ಲಿ ಹೋರಿಯ ಹಿಂದೆ ಓಡಿದ ಜನಕ್ಕೆ ಪೆಟ್ಟಾಗಿ ಪ್ರಾಣ ಹೋದದ್ದೂ ಇದೆ. ಆದ್ದರಿಂದ ಹಳ್ಳಿಯದೆಲ್ಲ ಒಳ್ಳೆಯದು, ನಗರದ್ದೆಲ್ಲ ಸುಳ್ಳು ಎಂಬ ವಾದ ನನ್ನದಲ್ಲ. ಮಹಾರಾಷ್ಟ್ರದ ಬೈಲ್ ಪೋಳಾ, ತಮಿಳುನಾಡಿನ ಮಾಟ್ಟು ಪೊಂಗಲ್, ನಾಯಿಯ ಕೊರಳಿಗೆ ಚೆಂಡುಹೂವಿನ ಹಾರ ಹಾಕಿ ಹಣೆಗೆ ತಿಲಕವಿಡುವ ನೇಪಾಳದ ಕುಕುರ್ ತಿಹಾರ್, ಎಲ್ಲ ಕಡೆಯೂ ಮನುಷ್ಯ ತನ್ನ ಜೊತೆಗಿರುವ ಪ್ರಾಣಿಗೆ ಹಬ್ಬದ ಪಾಲು ಕೊಟ್ಟಿದ್ದಾನೆ. ನಾಯಿಗೆ ಅಂಗಿ ಹೊಲಿಸುವ ಬೆಂಗಳೂರಿನ ಹುಡುಗಿಯ ಮನಸ್ಸು ಎತ್ತಿಗೆ ಗೊಂಡೆ ಕಟ್ಟುವ ಚಳ್ಳಕೆರೆಯ ರೈತನ ಮನಸ್ಸಿಗಿಂತ ಕಡಿಮೆಯದಲ್ಲ.

ವ್ಯತ್ಯಾಸ ಇರುವುದು ಕ್ರಮದಲ್ಲಿ. ರೈತನ ಹಬ್ಬದಲ್ಲಿ ಬಿಡುವು, ಸ್ನಾನ, ತಪಾಸಣೆ, ಊಟ ಮೊದಲು, ಸಿಂಗಾರ ಕೊನೆಗೆ. ಹೊಸ ಹಬ್ಬದ ಜಾಹೀರಾತಿನಲ್ಲಿ ಮೊದಲ ನಾಲ್ಕು ಮಾಯವಾಗಿ ಕೊನೆಯದೊಂದೇ ಉಳಿದಿದೆ. ಪ್ರಾಣಿಗಳಿಗೆ ತೊಂದರೆಯಾಗುವುದೂ ಅಲ್ಲಿಂದಲೇ.

ಮೈಯ ಮಾತು

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಪಾದದ ಅಡಿಯಲ್ಲಿ ಅಲ್ಪಸ್ವಲ್ಪ ಬೆವರು ಬಿಟ್ಟರೆ, ನಾಲಗೆ ಚಾಚಿ ತೇಕುವುದೇ ಅದು ಮೈ ತಂಪು ಮಾಡಿಕೊಳ್ಳುವ ದಾರಿ. ಪಾಲಿಯೆಸ್ಟರ್ ಶೇರ್ವಾನಿ ತೊಡಿಸಿ, ಜನ ತುಂಬಿದ ಹಾಲಿನಲ್ಲಿ, ಕ್ಯಾಮೆರಾ ದೀಪದ ಮುಂದೆ ಕೂರಿಸಿದರೆ ಅದರ ಮೈ ಬಿಸಿಯೇರುತ್ತದೆ. ಪಗ್‌ನಂಥ ಚಪ್ಪಟೆ ಮೂಗಿನ ತಳಿಗಳಿಗೆ ಮೊದಲೇ ಉಸಿರಾಟ ಕಷ್ಟ. ಅವಕ್ಕೆ ಇದು ಅಪಾಯದ ಮಟ್ಟಕ್ಕೂ ಹೋದೀತು. ಮೈತುಂಬ ದಟ್ಟ ಕೂದಲಿರುವ ಹಸ್ಕಿ, ಜರ್ಮನ್ ಶೆಫರ್ಡ್‌ಗೆ ಬೆಂಗಳೂರಿನ ಚಳಿ ಚಳಿಯೇ ಅಲ್ಲ. ಅವಕ್ಕೆ ಸ್ವೆಟರು ಮಾರುವುದೂ ತಪ್ಪು, ಕೊಳ್ಳುವುದೂ ತಪ್ಪು.

ಹಾಗಾದರೆ ಯಾವ ನಾಯಿಗೂ ಬಟ್ಟೆ ಬೇಡವೇ? ಬೇಕು. ನಮ್ಮ ಮುಧೋಳ ನಾಯಿಯನ್ನೇ ನೋಡಿ. ಬೇಟೆಗೆಂದು ಬೆಳೆದ ಸಣಕಲು ಮೈ, ಕೊಬ್ಬಿಲ್ಲ, ತೆಳು ಕೂದಲು. ಅಂಥ ನಾಯಿಗೆ, ಮರಿಗೆ, ವಯಸ್ಸಾಗಿ ಕೀಲು ನೋಯುವ ನಾಯಿಗೆ, ಕಾಯಿಲೆಗೆಂದು ಕೂದಲು ಬೋಳಿಸಿದ ನಾಯಿಗೆ ಜನವರಿಯ ಮುಂಜಾವಿನಲ್ಲಿ ಒಂದು ಕೋಟು ಖಂಡಿತ ಹಿತ. ಚಳಿಗೆ ಪ್ರಾಣಿಯ ಮೈ ಮುಚ್ಚುವುದು ನಮ್ಮ ರೈತರಿಗೆ ಹೊಸದಲ್ಲ. ಎಳೆಗರುವಿನ ಬೆನ್ನಿಗೆ ಗೋಣಿತಾಟು ಕಟ್ಟುವುದನ್ನು ಯಾರು ನೋಡಿಲ್ಲ? 2017ರ ಜನವರಿಯಲ್ಲಿ ಮಥುರಾದ ಆನೆ ಆರೈಕೆ ಕೇಂದ್ರದ ಆನೆಗಳಿಗೆ ಸುತ್ತಲಿನ ಹಳ್ಳಿಯ ಹೆಂಗಸರು ಬಣ್ಣಬಣ್ಣದ ದೊಡ್ಡ ಸ್ವೆಟರು ಹೆಣೆದು ತೊಡಿಸಿದ ಚಿತ್ರ ಪ್ರಪಂಚವನ್ನೇ ಸುತ್ತಿತು. ಸರ್ಕಸ್ಸಿನಲ್ಲಿ, ಬೀದಿಯಲ್ಲಿ ನರಳಿ ಬಂದ ಆನೆಗಳು ಅವು. 2019ರ ನವೆಂಬರಿನಲ್ಲಿ ಅಯೋಧ್ಯೆಯ ನಗರ ಪಾಲಿಕೆ ಗೋಶಾಲೆಯ ದನಗಳಿಗೆ ಸೆಣಬಿನ ಕೋಟು ಹೊಲಿಸುವ ಯೋಜನೆ ಹಾಕಿತು. ಪ್ರಾಣಿಯ ಅಗತ್ಯಕ್ಕೆ ಹೊಲಿದ ಉಡುಪು ಎಂದರೆ ಇಂಥವು.

ವೇಷದ ಮಾತು ಬೇರೆ. ನಾಯಿ ಮಾತಾಡುವುದು ಕಿವಿ, ಬಾಲ, ಬೆನ್ನ ಕೂದಲಿನ ಮೂಲಕ. ತಲೆಗೆ ಟೋಪಿ ಬಿಗಿದು, ಬೆನ್ನಿಗೆ ರೆಕ್ಕೆ ಕಟ್ಟಿದರೆ ಅದರ ಬಾಯಿ ಮುಚ್ಚಿದಂತೆಯೇ ಸರಿ. ಎದುರಿನ ನಾಯಿಗೂ ಅದರ ಮನಸ್ಸು ತಿಳಿಯದೆ ಜಗಳ ಹತ್ತಬಹುದು. ಉಡುಪು ತೊಟ್ಟ ನಾಯಿ ಅಲುಗದೆ ನಿಂತರೆ ‘ಎಷ್ಟು ಚೆನ್ನಾಗಿ ಪೋಸ್ ಕೊಡ್ತಾನೆ’ ಎಂದು ಹಿಗ್ಗುತ್ತೇವೆ. ತುಟಿ ನೆಕ್ಕಿಕೊಳ್ಳುವುದು, ನಿದ್ದೆ ಇಲ್ಲದಿದ್ದರೂ ಆಕಳಿಸುವುದು, ಕಣ್ಣಿನ ಬಿಳಿಭಾಗ ಕಾಣುವುದು, ಬಾಲ ಕಾಲ ಸಂದಿಗೆ ಸೇರುವುದು, ಇವೆಲ್ಲ ಹೆದರಿಕೆಯ ಗುರುತು. ಬೆಕ್ಕುಗಳಂತೂ ಬಟ್ಟೆ ಹಾಕಿದ ಕೂಡಲೇ ಮಗ್ಗುಲಿಗೆ ಉರುಳಿ ಬಿದ್ದುಬಿಡುವುದುಂಟು. ಅದನ್ನು ತಮಾಷೆಯ ವಿಡಿಯೊ ಮಾಡಿ ಹಾಕಿದವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಬೆಕ್ಕಿಗೆ ವೇಷ ಬೇಡವೇ ಬೇಡ. ಕಂಕುಳಲ್ಲಿ ತಿಕ್ಕುವ ಎಲಾಸ್ಟಿಕ್ ದಾರ, ಕಚ್ಚಿ ನುಂಗಬಹುದಾದ ಗುಂಡಿ, ಮಣಿ, ಮಿನುಗು ಬಿಲ್ಲೆ ಇವೂ ಪಶುವೈದ್ಯರ ಬಳಿಗೆ ಓಡಿಸುವ ವಸ್ತುಗಳೇ.

ಉಣ್ಣೆ ಇಲ್ಲೇ ಇದೆ

ಹೀಗಿರುವಾಗ, ಬೇಕಾದ ಪ್ರಾಣಿಗೆ ಬೇಕಾದಷ್ಟೇ ಉಡುಪು ತೊಡಿಸುವ ಒಳ್ಳೆಯ ಮಾರುಕಟ್ಟೆಯೊಂದು ಕಟ್ಟಬಹುದಾದರೆ ಅದರ ಕಚ್ಚಾ ಮಾಲು ಎಲ್ಲಿಂದ ಬರಬೇಕು? ಈಗ ಸಿಗುವ ಬಹುಪಾಲು ಉಡುಪು ಪಾಲಿಯೆಸ್ಟರ್ ಫ್ಲೀಸ್, ನೈಲಾನು. ಚಳ್ಳಕೆರೆ ಎಂದರೆ ಹೊರಗಿನವರಿಗೆ ಕಡಲೆಕಾಯಿ ಎಣ್ಣೆ ಮಿಲ್ಲುಗಳ ಊರು. ನಾಡಿನ ಕುರಿಗಾಹಿಗಳಿಗೆ ಅದು ಕಂಬಳಿಯ ಊರು.

ಇಲ್ಲಿನ ದಖ್ಖನಿ ಕುರಿಯ ಉಣ್ಣೆ ಒರಟು, ಹೆಚ್ಚಾಗಿ ಕಪ್ಪು. ವರ್ಷಕ್ಕೆರಡು ಸಲ ಕತ್ತರಿಸಿದ ಉಣ್ಣೆಯನ್ನು ಬಿಡಿಸಿ, ಹದಮಾಡಿ, ಹೆಂಗಸರು ನೂಲುತ್ತಾರೆ. ಹಾಸಿನ ನೂಲಿಗೆ ಹುಣಸೆ ಬೀಜದ ಸರಿ ಬಳಿದು ಬಿಸಿಲಲ್ಲಿ ಬಿಗಿದು ಒಣಗಿಸುತ್ತಾರೆ. ಎಳೆಗಳು ಅಂಟದಂತೆ ಕುಂಚದಿಂದ ಉದ್ದಕ್ಕೂ ತೀಡುತ್ತ ನಡೆಯುವುದೇ ಒಂದು ಕಸುಬು. ಆಮೇಲೆ ಕುಣಿಮಗ್ಗ. ಕೈಗೆ ಸಿಗುವುದು ಬಣ್ಣ ಹಾಕದ, ಮಳೆ ಹನಿ ಬೇಗ ಒಳಗಿಳಿಸದ ಕರಿಕಂಬಳಿ. ಕುರಿಗಾಹಿಗೆ ಮಳೆಯಲ್ಲಿ ಅದೇ ಕೊಪ್ಪೆ, ರಾತ್ರಿ ಅದೇ ಹಾಸಿಗೆ, ದೇವರ ಕಾರ್ಯದಲ್ಲಿ ಅದೇ ಗದ್ದುಗೆ. ಪಾಣಿಪತ್ತಿನ ಅಗ್ಗದ ಯಂತ್ರದ ಹೊದಿಕೆ ಬಂದ ಮೇಲೆ ಕಂಬಳಿಗೆ ಗಿರಾಕಿ ಕುಗ್ಗಿದ. ಉಣ್ಣೆಗೆ ಬೆಲೆಯಿಲ್ಲವೆಂದು ಕುರಿ ಸಾಕುವವರು ಮಾಂಸದ ತಳಿಗಳತ್ತ ಹೊರಳಿದರು. ನೇಯುವವರ ಮಕ್ಕಳು ಬೆಂಗಳೂರಿನ ಬಸ್ಸು ಹತ್ತಿದರು.

ಇದೇ ಉಣ್ಣೆಯಿಂದ ನಾಯಿಗೆ ಕೋಟು, ಹಾಸಿಗೆ ಏಕಾಗಬಾರದು? ಒರಟು ಉಣ್ಣೆ ಚರ್ಮಕ್ಕೆ ಚುಚ್ಚುತ್ತದೆ, ಅದು ನಿಜ. ಒಳಗೆ ಮೆತ್ತನೆಯ ಹತ್ತಿ ಬಟ್ಟೆಯ ಲೈನಿಂಗ್ ಕೊಟ್ಟರೆ ಆ ತೊಡಕು ನೀಗುತ್ತದೆ. ಮಾದರಿ ಹುಡುಕಲು ದೂರ ಹೋಗಬೇಕಿಲ್ಲ, ಝೂಲವೇ ಇದೆ: ಬೆನ್ನು ಮುಚ್ಚಿ, ಭುಜ, ಬಾಲ, ಹೊಟ್ಟೆ ಬಿಟ್ಟು, ಸಡಿಲ ಲಾಡಿಯಲ್ಲಿ ನಿಲ್ಲುವ ಉಡುಪು. ತೋಳಿಲ್ಲ, ಟೋಪಿ ಇಲ್ಲ, ನುಂಗುವ ಗುಂಡಿ ಇಲ್ಲ. ನಾಯಿಯ ಹಾಸಿಗೆಗಂತೂ ಕಂಬಳಿಗಿಂತ ಬೇರೆ ಬೇಕೇ? ಹಳ್ಳಿಯ ಜಗಲಿಯಲ್ಲಿ ಹರಿದ ಕಂಬಳಿಯ ತುಂಡಿನ ಮೇಲೆ ಸುರುಳಿ ಸುತ್ತಿ ಮಲಗುವ ನಾಯಿ ಇದನ್ನು ಎಂದೋ ಒಪ್ಪಿಕೊಂಡಿದೆ.

ದೇವರ ಗದ್ದುಗೆಯ ಕಂಬಳಿಯನ್ನು ನಾಯಿಗೆ ಹೊದಿಸುವುದೇ ಎಂದು ಯಾರಾದರೂ ಕೇಳಬಹುದು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕರಿಕಂಬಳಿ ತೊಟ್ಟ ಗೊರವಯ್ಯಗಳು ಮೈಲಾರಲಿಂಗನ ನಾಯಿಗಳೆಂದೇ ತಮ್ಮನ್ನು ತಿಳಿದು, ನಾಯಿಯಂತೆ ಬೊಗಳಿ ದೋಣಿ ಎಂಬ ಪಾತ್ರೆಯಲ್ಲಿ ನೈವೇದ್ಯ ಸ್ವೀಕರಿಸುವ ಪರಂಪರೆಯನ್ನು ಅವರು ನೆನೆಯಲಿ. ಕುರಿ, ಕಂಬಳಿ, ನಾಯಿ ಮೂರನ್ನೂ ಒಂದೇ ಭಕ್ತಿಯಲ್ಲಿ ಹಿಡಿದಿಟ್ಟ ನಾಡು ಇದು.

ಪಕ್ಕದ ಮೊಳಕಾಲ್ಮೂರಿನ ರೇಷ್ಮೆ ಸೀರೆಗೆ ಭೌಗೋಳಿಕ ಸೂಚಿಯ ಮಾನ್ಯತೆ ಇದೆ. ಆ ರೇಷ್ಮೆ ನಾಯಿಗೆ ಹೊಲಿಯುವ ಬಟ್ಟೆಯಲ್ಲ. ಆದರೆ ಹೊರಗಿನ ಮಾರುಕಟ್ಟೆಗೆ ಒಂದು ಊರಿನ ಹೆಸರೇ ಗುರುತಾಗಬಲ್ಲದು ಎಂಬುದನ್ನು ಅದು ತೋರಿಸಿಕೊಟ್ಟಿದೆ. ಅಮೆರಿಕದ 70 ಕೋಟಿ ಡಾಲರಿನ ಮಾತು ನಮಗೆ ಬೇಡ. ಬೆಂಗಳೂರಿನ ನಾಯಿ ಸಾಕುವ ಮನೆಗಳಲ್ಲಿ ಒಂದು ಸಣ್ಣ ಪಾಲು ವರ್ಷಕ್ಕೊಂದು ಚಳ್ಳಕೆರೆಯ ಕೋಟು ಅಥವಾ ಹಾಸಿಗೆ ಕೊಂಡರೂ ನೇಕಾರರ ಮಗ್ಗಗಳಿಗೆ ಕೆಲಸ ಸಿಗುತ್ತದೆ. ಕರ್ನಾಟಕ ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮ ಇದೆ, ಕಂಬಳಿ ನೇಕಾರರ ಸಹಕಾರ ಸಂಘಗಳಿವೆ, ಬೀದರಿನಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವಿದೆ, ಅದರ ಶ್ವಾನ ಸಂಶೋಧನಾ ಕೇಂದ್ರ ಮುಧೋಳದ ತಿಮ್ಮಾಪುರದಲ್ಲಿದೆ. ಅಳತೆಗಳನ್ನು ಪಶುವೈದ್ಯರು ಹೇಳಲಿ, ಬಟ್ಟೆಯನ್ನು ನೇಕಾರರು ನೇಯಲಿ, ಹೊಲಿಗೆಯನ್ನು ಝೂಲ ಹೊಲಿಯುವ ದರ್ಜಿಗಳೇ ಮಾಡಲಿ, ಮಾರಾಟಕ್ಕೆ ಈಗಾಗಲೇ ಜಾಲ ಇರುವ ಬೆಂಗಳೂರಿನ ಕಂಪನಿಗಳು ಮುಂದೆ ಬರಲಿ. ಕಾವಲಿನ ನೆಲ ಪಡೆದ ಸಂಸ್ಥೆಗಳು ಸುತ್ತಲಿನ ಊರುಗಳಿಗೆ ಏನಾದರೂ ಮಾಡಬೇಕೆಂದಿದ್ದರೆ, ಇಂಥ ಒಂದು ಪ್ರಯತ್ನಕ್ಕೆ ಕೈಹಿಡಿಯಬಹುದು.

ಬರುವ ಜನವರಿ 14ಕ್ಕೆ ನಿಮ್ಮ ನಾಯಿಗೆ ಏನಾದರೂ ಕೊಳ್ಳಬೇಕೆಂದಿದ್ದರೆ ಹೀಗೆ ಮಾಡಿ. ಅಂದು ಬೆಳಿಗ್ಗೆ ಅದರ ಜೊತೆ ಒಂದು ಗಂಟೆ ಹೆಚ್ಚು ನಡೆದಾಡಿ. ಬೆಚ್ಚನೆಯ ನೀರಲ್ಲಿ ಮೈ ತೊಳೆಯಿರಿ; ತೊಳೆಯುವಾಗ ಕಿವಿ, ಕಂಕುಳು, ಪಾದದ ಸಂದಿ, ಹಲ್ಲು ನೋಡಿ, ಉಣ್ಣೆಹುಳು ಇದ್ದರೆ ತೆಗೆಯಿರಿ, ಗಾಯವಿದ್ದರೆ ವೈದ್ಯರಿಗೆ ತೋರಿಸಿ. ಒಳ್ಳೆಯ ಊಟ ಹಾಕಿ. ಎಳ್ಳು-ಬೆಲ್ಲದ ತಟ್ಟೆಯನ್ನು ಮಾತ್ರ ದೂರ ಇಡಿ. ಆಮೇಲೆ ಅದಕ್ಕೆ ಚಳಿ ಇದೆ ಅನ್ನಿಸಿದರೆ ಹತ್ತಿಯ ಒಳಪದರ ಇರುವ, ಕೊರಳಲ್ಲಿ ಎರಡು ಬೆರಳು ಸರಾಗವಾಗಿ ಹೋಗುವ ಕೋಟು ತೊಡಿಸಿ. ಫೋಟೊಗೆಂದು ಬೇರೆ ಹಬ್ಬದ ಬಟ್ಟೆ ತೊಡಿಸಿದ್ದರೆ, ಫೋಟೊ ತೆಗೆದ ಕೂಡಲೇ ಅದನ್ನು ಬಿಚ್ಚಿಬಿಡಿ. ಅಂಗಡಿಯವರನ್ನು ಒಂದು ಪ್ರಶ್ನೆ ಕೇಳುವುದನ್ನು ಮರೆಯಬೇಡಿ: ‘ಚಳ್ಳಕೆರೆ ಉಣ್ಣೇದು ಇದೆಯಾ?’ ಇಲ್ಲ ಎಂದೇ ಹೇಳುತ್ತಾರೆ. ಮುಂದಿನ ಹಬ್ಬಕ್ಕೆ ಮತ್ತೆ ಕೇಳಿ. ನಾಲ್ಕು ಜನ ಕೇಳಿದ ವಸ್ತುವನ್ನು ತರಿಸದೆ ಬಿಟ್ಟ ವ್ಯಾಪಾರಿ ಇಲ್ಲ.